ಅಜ್ಜಿಯ ಕಷಾಯ, ಖಾಜನದ ಬಾಗಿಲು

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಹದಿನಾಲ್ಕು ವರ್ಷಗಳಿಂದ ಗೋವೆಯ ವಾಸ್ಕೋದಲ್ಲಿದ್ದೇವೆ. ಎಂಟನೆಯ ತರಗತಿಯಲ್ಲಿರುವ ಮಗಳಿಗೆ ‘ಭಾರತೀಯ ಜ್ಞಾನ ಪರಂಪರೆ: ಶಿಕ್ಷಣ, ಆರೋಗ್ಯ, ಪರಿಸರ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವಳು ಮೊಬೈಲ್ ನೋಡಿ ಚಾರ್ಟ್ ಬರೆದಿದ್ದಾಳೆ: ವೈದಿಕ ಗಣಿತ ಕಂಪ್ಯೂಟರಿಗಿಂತ ವೇಗ, ಅರಿಶಿನ ರೋಗ ವಾಸಿ ಮಾಡುತ್ತದೆಂದು ಅಮೆರಿಕವೇ ಒಪ್ಪಿದೆ, ಪೂರ್ವಜರು ಪ್ರಕೃತಿಯೊಂದಿಗೆ ಸಾಮರಸ್ಯದಿಂದ ಬದುಕಿದ್ದರು. ನಮ್ಮ ಯಜಮಾನರು ಎಂಜಿನಿಯರ್. ಎಲ್ಲವೂ ಕಾಗಕ್ಕ ಗುಬ್ಬಕ್ಕನ ಕಥೆ ಎಂದು ನಗುತ್ತಾರೆ. ಅತ್ತೆಯವರಿಗೆ ಅದಕ್ಕೆ ಸಿಟ್ಟು. ಅವರು ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಕೋವಿಡ್ ಕಾಲದಿಂದ ದಿನವೂ ಅಮೃತಬಳ್ಳಿಯ ಕಷಾಯ ಕುಡಿಯುತ್ತಾರೆ. ಈಗ ಮೊಮ್ಮಗಳಿಗೂ ಕೊಡಲು ಶುರು ಮಾಡಿದ್ದಾರೆ. ಇದರಲ್ಲಿ ಎಷ್ಟನ್ನು ನಂಬಬೇಕು, ಮಗಳಿಗೆ ಏನು ಹೇಳಬೇಕು?

ಉತ್ತರ:

ತಾಯಿ, ಚಾರ್ಟು ಒಂದು ವಾರ ಕಾದೀತು, ಕಷಾಯದ ಲೋಟ ಕಾಯುವುದಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ನಾನು ವೈದ್ಯನಲ್ಲ. ಕುಮಟಾ ಕಡೆಯಿಂದ ಬಂದು ಗೋವೆಯಲ್ಲಿ ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಗಿಡ ಯಾವುದೆಂದು ಹೇಳಬಲ್ಲೆ, ಅದರ ಮೇಲೆ ಯಾರು ಏನು ಪರೀಕ್ಷೆ ಮಾಡಿದ್ದಾರೆಂದು ಓದಿ ಹೇಳಬಲ್ಲೆ. ಅಮೃತಬಳ್ಳಿಯನ್ನು ಇಲ್ಲಿಯವರು ಗುಳವೇಲ್ ಎನ್ನುತ್ತಾರೆ, ಹಿಂದಿಯವರು ಗಿಲೋಯ್. ಹೃದಯದಾಕಾರದ ಎಲೆ, ಮಾವು ಬೇವುಗಳನ್ನು ಹತ್ತಿ, ಮೇಲಿನಿಂದ ದಾರದಂತಹ ಬೇರುಗಳನ್ನು ಇಳಿಬಿಡುತ್ತದೆ. ತುಂಡು ಮಾಡಿ ಗೋಡೆಯ ಮೇಲೆ ಎಸೆದರೂ ಸಾಯದೆ ಚಿಗುರುತ್ತದೆ. ಇಷ್ಟು ಗಟ್ಟಿ ಜೀವದ ಬಳ್ಳಿಗೆ ಅಮೃತದ ಹೆಸರು ಒಪ್ಪುತ್ತದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಕೋವಿಡ್ ಬಂದ ಮೇಲೆ ತಲೆಕೆಳಗಾಯಿತು. ಹಿತ್ತಲಲ್ಲಿ ಇದ್ದದ್ದೆಲ್ಲ ಮದ್ದಾಯಿತು, ಅದರಲ್ಲಿಯೂ ಈ ಬಳ್ಳಿ.

2020ರ ಕೊನೆಯ ನಾಲ್ಕು ತಿಂಗಳಲ್ಲಿ ಮುಂಬಯಿಯ ಯಕೃತ್ (ಲಿವರ್) ತಜ್ಞರ ಬಳಿಗೆ ಆರು ಮಂದಿ ಬಂದರು. ಯಕೃತ್ತಿಗೆ ಪೆಟ್ಟು ಬಿದ್ದಿತ್ತು. ಕಾರಣ ಹುಡುಕುತ್ತ ಹೋದಾಗ ಎಲ್ಲರ ಮನೆಯಲ್ಲಿಯೂ ಸಿಕ್ಕಿದ್ದು ಇದೇ ಬಳ್ಳಿ. ಆ ವಿವರ 2021ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಯುಷ್ ಸಚಿವಾಲಯ ಆಕ್ಷೇಪಿಸಿತು: ಅವರು ಸೇವಿಸಿದ್ದು ಅಮೃತಬಳ್ಳಿಯೇ ಎಂಬುದು ಖಚಿತವಾಗಿಲ್ಲ, ಅದೇ ಕುಲದ ಇನ್ನೊಂದು ಬಳ್ಳಿ ಇರಬಹುದು. ಸಸ್ಯಶಾಸ್ತ್ರದವನಾಗಿ ನಾನು ಆ ಮಾತನ್ನು ತಳ್ಳಿಹಾಕಲಾರೆ. ಟಿನೋಸ್ಪೋರ ಕ್ರಿಸ್ಪ ಎಂಬ ದಾಯಾದಿ ಬಳ್ಳಿ ಇದೆ. ಅದರ ಕಾಂಡದ ಮೇಲೆ ನರೂಲಿಗಳಂತಹ ಗಂಟುಗಳು ಎದ್ದಿರುತ್ತವೆ, ಎಲೆ ನೋಡಿದರೆ ಮೋಸ ಹೋಗುತ್ತೀರಿ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಒಟ್ಟಾಗಿ 43 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಹಲವರಿಗೆ ಮೊದಲೇ ಥೈರಾಯ್ಡ್ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇತ್ತು. ದೇಹ ತನ್ನ ಮೇಲೆಯೇ ತಿರುಗಿ ಬೀಳುವ ಸ್ವಭಾವದ ಕಾಯಿಲೆ ಉಳ್ಳವರಿಗೆ, ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ವಸ್ತು ತಿಂಗಳುಗಟ್ಟಲೆ ಹೋದರೆ ಅದು ಯಕೃತ್ತಿನ ಮೇಲೆ ತಿರುಗಬಹುದು ಎಂಬುದು ವೈದ್ಯರ ಅನುಮಾನ. ಕುಡಿದವರಿಗೆಲ್ಲ ಹೀಗಾಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ನಿಮ್ಮ ಅತ್ತೆಯವರು ಆ ಪಟ್ಟಿಗೆ ತೀರ ಹತ್ತಿರ ನಿಂತಿದ್ದಾರೆ.

ಆದ್ದರಿಂದ ಕಷಾಯವನ್ನು ಈಗಲೇ ನಿಲ್ಲಿಸಲಿ. ಯಕೃತ್ತಿನ ರಕ್ತಪರೀಕ್ಷೆ ಒಂದು ಮಾಡಿಸಿ. ಥೈರಾಯ್ಡ್ ನೋಡುವ ವೈದ್ಯರಿಗೆ ಇಷ್ಟು ವರ್ಷ ಕುಡಿದದ್ದನ್ನು ಮುಚ್ಚಿಡದೆ ಹೇಳಿ. ಹಿರಿಯರು ‘ಅದೇನು ಔಷಧವೇ’ ಎಂದು ಅದನ್ನೇ ಬಿಟ್ಟು ಉಳಿದೆಲ್ಲ ಹೇಳುತ್ತಾರೆ. ಆರೋಗ್ಯವಾಗಿರುವ ಮಗುವಿಗಂತೂ ಬೇಡವೇ ಬೇಡ.

ಇದನ್ನು ಅತ್ತೆಯವರಿಗೆ ಹೇಳುವುದು ಹೇಗೆ ಎಂಬ ನಿಮ್ಮ ಸಂಕಟ ನನಗೆ ಗೊತ್ತಾಗುತ್ತದೆ. ಪರಂಪರೆಯ ಮಾತಿನಿಂದಲೇ ಹೇಳಿ. ನಮ್ಮಜ್ಜಿ ಜ್ವರ ಬಂದರೆ ಹೆಬ್ಬೆರಳು ದಪ್ಪದ, ಗೇಣುದ್ದದ ಕಾಂಡ ಜಜ್ಜಿ, ನಾಲ್ಕು ಲೋಟ ನೀರನ್ನು ಒಂದು ಲೋಟಕ್ಕೆ ಇಳಿಸಿ ಕೊಡುತ್ತಿದ್ದಳು. ಮೂರು ದಿನ. ನಾಲ್ಕನೆಯ ದಿನ ನಾವೇ ಕೇಳಿದರೂ ‘ಜ್ವರ ಬಿಟ್ಟಿತಲ್ಲ, ಇನ್ನೇಕೆ?’ ಎಂದು ಗದರುತ್ತಿದ್ದಳು. ಅವಳಿಗೆ ಗಿಡದ ಹೆಸರಿನಷ್ಟೇ ನಿಲ್ಲಿಸುವ ದಿನವೂ ತಿಳಿದಿತ್ತು. ಕೋವಿಡ್ ಕಾಲದಲ್ಲಿ ಮೊಬೈಲಿನಲ್ಲಿ ಹರಿದಾಡಿದ ಅಮೃತಬಳ್ಳಿಯಲ್ಲಿ ಗಿಡದ ಹೆಸರು ಇತ್ತು, ನಿಲ್ಲಿಸುವ ದಿನ ಇರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲಿಯೇ ಇದೆ: ಸರಿಯಾಗಿ ಬಳಸಿದರೆ ತೀಕ್ಷ್ಣ ವಿಷವೂ ಉತ್ತಮ ಔಷಧವಾಗುತ್ತದೆ, ತಪ್ಪಾಗಿ ಬಳಸಿದರೆ ಔಷಧವೂ ವಿಷವಾಗುತ್ತದೆ. ನಮ್ಮವರು ಅದನ್ನೇ ‘ಅತಿಯಾದರೆ ಅಮೃತವೂ ವಿಷ’ ಎಂದರು. ಈ ಬಳ್ಳಿಯ ಮಟ್ಟಿಗೆ ಅದು ಅಕ್ಷರಶಃ ನಿಜವಾಗಿ ಕೂತಿದೆ.

ಇನ್ನು ನಿಮ್ಮ ಯಜಮಾನರ ಕಾಗಕ್ಕ ಗುಬ್ಬಕ್ಕನ ಕಥೆ. ಅವರನ್ನು ಮುಂಬಯಿಯ ಪರೇಲಿಗೆ ಒಮ್ಮೆ ಕರೆದೊಯ್ಯೋಣ. ಅಲ್ಲಿಯ ಕೆ.ಇ.ಎಂ. ಆಸ್ಪತ್ರೆಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರು ರಕ್ತದೊತ್ತಡದ 50 ರೋಗಿಗಳಿಗೆ ಸರ್ಪಗಂಧದ ಬೇರನ್ನು ಕೊಟ್ಟು, ಒತ್ತಡ ಎಷ್ಟು ಇಳಿಯಿತೆಂದು ಅಳೆದು, 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಬೇರನ್ನು ವೈದ್ಯರೂ ಹಳ್ಳಿಗರೂ ಹುಚ್ಚಿಗೆ, ನಿದ್ದೆಗೆ, ಹಾವಿನ ಕಡಿತಕ್ಕೆ ಎಂದು ಬಳಸುತ್ತಲೇ ಬಂದಿದ್ದರು. ವಕೀಲ್ ಅವರ ಲೇಖನ ಓದಿದ ಮೇಲೆ ಪಶ್ಚಿಮದ ವೈದ್ಯರು ಕಣ್ಣರಳಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನತಜ್ಞರು ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ರಕ್ತದೊತ್ತಡಕ್ಕೆ ಸರಿಯಾದ ಮಾತ್ರೆ ಇಲ್ಲದಿದ್ದ ಆ ಕಾಲದಲ್ಲಿ ಅದು ದೊಡ್ಡ ಸಂಗತಿ. ಹಾಗೆಂದು ಮಗಳು ಇದನ್ನೂ ಜಯಘೋಷ ಮಾಡಿ ಬರೆಯಬಾರದು. ರಿಸರ್ಪಿನ್ ಪ್ರಮಾಣ ಹೆಚ್ಚಾದಾಗ ಕೆಲವರಿಗೆ ಮಂಕು ಕವಿಯಿತು; ಇನ್ನೂ ಒಳ್ಳೆಯ ಮಾತ್ರೆಗಳು ಬಂದ ಮೇಲೆ ಅದು ಬಹುಮಟ್ಟಿಗೆ ಹಿಂದೆ ಸರಿಯಿತು. ಹಾವಿನ ಕಡಿತಕ್ಕೆ ಅದು ಮದ್ದಲ್ಲ, ಅಲ್ಲಿ ಪ್ರತಿವಿಷವೇ ಬೇಕು. ಬೇರಿಗೆ ಬೇಡಿಕೆ ಬಂದು ಕಾಡಿನಲ್ಲಿ ಗಿಡವೇ ಅಪರೂಪವಾಗಿ, ಕೊನೆಗೆ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಬೇಕಾಯಿತು. ಒಂದೇ ಬೇರಿನಲ್ಲಿ ನಿಜ, ಅರೆನಿಜ, ಸುಳ್ಳು, ದುರಾಸೆ ನಾಲ್ಕೂ ಇವೆ. ನಿಮ್ಮ ಯಜಮಾನರು ನಗುವುದು ಸುಳ್ಳನ್ನು ನೋಡಿ, ಅತ್ತೆಯವರು ಸಿಟ್ಟಾಗುವುದು ನಿಜವನ್ನು ನೆನೆದು. ಇಬ್ಬರೂ ಅಳತೆಗೋಲನ್ನು ಕೈಗೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಅರಿಶಿನದ ಸಾಲು. ಇದನ್ನು ತಿದ್ದಲೇಬೇಕು, ಏಕೆಂದರೆ ಕಾಲೇಜಿನ ಅಧ್ಯಾಪಕರೂ ಇದನ್ನು ತಪ್ಪಾಗಿ ಹೇಳುವುದನ್ನು ಕೇಳಿದ್ದೇನೆ. ಗಾಯಕ್ಕೆ ಅರಿಶಿನ ಹಚ್ಚುವ ವಿಧಾನಕ್ಕೆ ಅಮೆರಿಕ 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಕೊಟ್ಟಿತು. ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿ.ಎಸ್.ಐ.ಆರ್. ಅದನ್ನು ಪ್ರಶ್ನಿಸಿತು. ಆಗ ಅದರ ಮುಖ್ಯಸ್ಥರಾಗಿದ್ದವರು ರಘುನಾಥ ಮಾಶೇಲ್ಕರ್. ನಮ್ಮ ಗೋವೆಯ ಮಾಶೇಲಿನಲ್ಲಿಯೇ ಹುಟ್ಟಿದವರು, ಅದಕ್ಕೆ ಮೊದಲು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು. ಸಂಸ್ಕೃತ ಗ್ರಂಥಗಳಿಂದ ಹಿಡಿದು 1953ರ ಭಾರತೀಯ ವೈದ್ಯಕೀಯ ಪತ್ರಿಕೆಯ ಒಂದು ಲೇಖನದವರೆಗೆ ದಾಖಲೆಗಳನ್ನು ಮುಂದಿಟ್ಟರು. 1997ರಲ್ಲಿ ಪೇಟೆಂಟ್ ರದ್ದಾಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದು ಇದೆ. ಪೇಟೆಂಟ್ ಕಚೇರಿ ವಿಚಾರಿಸಿದ ಪ್ರಶ್ನೆ ‘ಇದು ಹೊಸದೇ?’ ಎಂಬುದು. ‘ಹೊಸದಲ್ಲ, ಭಾರತದಲ್ಲಿ ಮೊದಲೇ ಗೊತ್ತಿತ್ತು’ ಎಂಬುದು ಸಿಕ್ಕ ತೀರ್ಪು. ಅರಿಶಿನ ಯಾವ ರೋಗ ವಾಸಿ ಮಾಡುತ್ತದೆ ಎಂಬುದನ್ನು ಅಲ್ಲಿ ಯಾರೂ ಪರೀಕ್ಷಿಸಲೇ ಇಲ್ಲ. ನಿಮ್ಮ ತೋಟದ ತೆಂಗಿನಕಾಯಿ ನಿಮ್ಮದೇ ಎಂದು ನ್ಯಾಯಾಲಯ ಹೇಳಿತು. ಅದು ಎಳನೀರೋ ಕೊಬ್ಬರಿಯೋ ಎಂದು ಒಡೆದು ನೋಡಲಿಲ್ಲ. ಒಡೆದು ನೋಡಿದವರು ಬೇರೆ. ಅರಿಶಿನದ ಸತ್ವವಾದ ಕರ್ಕ್ಯುಮಿನ್ ಮೇಲೆ ನಡೆದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು 2017ರಲ್ಲಿ ಪರಿಶೀಲಿಸಿದ ರಸಾಯನತಜ್ಞರು, ಅದು ದೇಹದಲ್ಲಿ ಬೇಗ ಒಡೆದುಹೋಗುತ್ತದೆ, ರಕ್ತಕ್ಕೆ ಸೇರುವುದೇ ಕಡಿಮೆ, ಔಷಧವಾಗಿ ಇನ್ನೂ ಸಾಬೀತಾಗಿಲ್ಲ ಎಂದರು. ಒಗ್ಗರಣೆಗೆ ಅರಿಶಿನ ಹಾಕುವುದಕ್ಕೆ ಇದರಿಂದ ಏನೂ ಅಡ್ಡಿಯಿಲ್ಲ. ಕ್ಯಾನ್ಸರಿಗೆ ಚಿಕಿತ್ಸೆ ಬಿಟ್ಟು ಅರಿಶಿನ ನುಂಗುವುದಕ್ಕೆ ಖಂಡಿತ ಅಡ್ಡಿಯಿದೆ. ಆ ಪೇಟೆಂಟ್ ಜಗಳದಿಂದ ಬಂದ ನಿಜವಾದ ಫಲ 2001ರಲ್ಲಿ ಶುರುವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ. ಹಳೆಯ ಗ್ರಂಥಗಳ ಔಷಧ ತಯಾರಿಕೆಯ ವಿಧಾನಗಳನ್ನು ವಿದೇಶದ ಪೇಟೆಂಟ್ ಪರೀಕ್ಷಕರು ಓದಬಲ್ಲ ಭಾಷೆಗಳಲ್ಲಿ ಬರೆದಿಡುವ ಕೆಲಸ.

ಬರೆದಿಡುವುದು ಎಂದಾಗ ಪಣಜಿಯ ಚರ್ಚ್ ಚೌಕದ ಉದ್ಯಾನ ನೆನಪಾಗುತ್ತದೆ. ಅದಕ್ಕೆ ಗಾರ್ಸಿಯಾ ದ ಓರ್ಟಾನ ಹೆಸರಿದೆ. ಆ ಪೋರ್ಚುಗೀಸ್ ವೈದ್ಯ ಈ ನಾಡಿನ ಔಷಧಿ ಸಸ್ಯಗಳ ಬಗ್ಗೆ ಬರೆದ ಪುಸ್ತಕ 1563ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು, ಅದೂ ಈ ಅಂಕಣದ ಹಾಗೆ ಪ್ರಶ್ನೋತ್ತರದ ರೂಪದಲ್ಲಿ. ಸ್ಥಳೀಯ ವೈದ್ಯರಿಂದ ಕೇಳಿದ್ದನ್ನು ಒಪ್ಪುತ್ತ, ಯುರೋಪಿನ ಹಳೆಯ ಪಂಡಿತರು ಬರೆದದ್ದು ತಾನು ಕಣ್ಣಾರೆ ಕಂಡದ್ದಕ್ಕೆ ಹೊಂದದಿದ್ದರೆ ಮುಲಾಜಿಲ್ಲದೆ ತಿದ್ದುತ್ತ ಬರೆದಿದ್ದಾನೆ. ಸತ್ತ ಮೇಲೆ ಅವನ ಮೂಳೆಗಳನ್ನು ಇನ್‌ಕ್ವಿಸಿಶನ್ ಎಂಬ ಚರ್ಚಿನ ಧರ್ಮನ್ಯಾಯಾಲಯ ಅಗೆದು ಸುಟ್ಟಿತು; ಅದು ಅವನ ಯಹೂದಿ ಮೂಲಕ್ಕೆ, ಗಿಡಗಳಿಗಲ್ಲ.

ಈಗ ಗಣಿತ. ‘ವೈದಿಕ ಗಣಿತ’ ಎಂದು ಓಡಾಡುವ ಹದಿನಾರು ಸೂತ್ರಗಳು 1965ರಲ್ಲಿ ಅಚ್ಚಾದ ಪುಸ್ತಕದವು, ಬರೆದವರು ಪುರಿಯ ಶಂಕರಾಚಾರ್ಯರಾಗಿದ್ದವರು. ವೇದದಲ್ಲಿ ಆ ಸೂತ್ರಗಳು ಯಾರಿಗೂ ಸಿಕ್ಕಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗಣಿತಜ್ಞ ಎಸ್. ಜಿ. ದಾನಿ ಇದನ್ನು ಬಹಳ ಹಿಂದೆಯೇ ಸ್ಪಷ್ಟವಾಗಿ ಬರೆದರು. ಗುಣಾಕಾರದ ಕೆಲವು ಒಳ್ಳೆಯ ಅಡ್ಡದಾರಿಗಳು ಅದರಲ್ಲಿವೆ, ಮಕ್ಕಳು ಕಲಿತರೆ ನಷ್ಟವಿಲ್ಲ. ಆದರೆ ಅದನ್ನೇ ಹಿಡಿದುಕೊಂಡು ನಮ್ಮ ಮನೆಯ ಅಟ್ಟದಲ್ಲಿರುವ ನಿಜವಾದ ಪೆಟ್ಟಿಗೆಯನ್ನು ತೆರೆಯದೆ ಇರುವುದು ನನಗೆ ಹೊಟ್ಟೆಯುರಿ ತರಿಸುತ್ತದೆ.

ಮಗಳಿಗೆ ಮಹಾವೀರಾಚಾರ್ಯನ ಹೆಸರು ಹೇಳಿ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟರ ಆಶ್ರಯದಲ್ಲಿ ಗಣಿತಸಾರಸಂಗ್ರಹ ಬರೆದ ಜೈನ ವಿದ್ವಾಂಸ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸಿದರೆ ಎಷ್ಟು ಜೋಡಣೆಗಳಾಗುತ್ತವೆ ಎಂಬುದಕ್ಕೆ ಅವನು ಸಾಮಾನ್ಯ ನಿಯಮವನ್ನೇ ಕೊಟ್ಟ. ನಿಮ್ಮ ಮಗಳು ಹನ್ನೊಂದನೆಯ ತರಗತಿಯಲ್ಲಿ ಇದನ್ನು ಓದುತ್ತಾಳೆ. ಉದಾಹರಣೆಗೆ ತೆಗೆದುಕೊಂಡದ್ದು ರುಚಿಗಳನ್ನು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಒಂದೊಂದಾಗಿ 6, ಎರಡೆರಡಾಗಿ 15, ಮೂರು ಮೂರಾಗಿ 20, ನಾಲ್ಕು ನಾಲ್ಕಾಗಿ 15, ಐದೈದಾಗಿ 6, ಎಲ್ಲವೂ ಸೇರಿ 1, ಒಟ್ಟು 63. ಸುಶ್ರುತಸಂಹಿತೆಯ ವೈದ್ಯರೂ ರುಚಿಗಳ ಭೇದ 63 ಎಂದೇ ಎಣಿಸಿದ್ದಾರೆ. ಇದನ್ನು ಅತ್ತೆಯವರ ಅಡುಗೆಮನೆಯಲ್ಲಿಯೇ ಕಲಿಸಬಹುದು. ಬೇವುಬೆಲ್ಲ ಎರಡು ರುಚಿಯ ಜೋಡಣೆ. ಇಲ್ಲಿಯವರು ಊಟದ ಜೊತೆ ಕುಡಿಯುವ ಸೋಲ್‌ಕಢಿಯಲ್ಲಿ ಎಷ್ಟು? ಮುರುಗಲಿನ ಹುಳಿ, ಸ್ವಲ್ಪ ಒಗರು, ತೆಂಗಿನಹಾಲಿನ ಸಿಹಿ, ಉಪ್ಪು, ಹಸಿಮೆಣಸಿನ ಖಾರ. ಐದು. ಕಹಿಯೊಂದು ಬಾಕಿ.

ಇದೇ ಮಹಾವೀರ ಒಂದು ಕಡೆ ಎಡವಿದ್ದಾನೆ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದು ಬರೆದ. ತಪ್ಪು. ಮೂರು ಶತಮಾನದ ನಂತರ ಎರಡನೆಯ ಭಾಸ್ಕರಾಚಾರ್ಯ ಬೇರೆಯೇ ಉತ್ತರ ಕೊಟ್ಟು, ಅದನ್ನು ಖಹರ ಎಂದು ಕರೆದು ಅನಂತಕ್ಕೆ ಹೋಲಿಸಿದ. ಇಂದಿನ ಲೆಕ್ಕದಲ್ಲಿ ಅದೂ ಪೂರ್ತಿ ಸರಿಯಲ್ಲ. ಆ ಭಾಗಾಕಾರಕ್ಕೆ ಅರ್ಥವೇ ಇಲ್ಲ ಎಂದು ಬಿಟ್ಟಿದ್ದಾರೆ. ನನಗೆ ಇಡೀ ಚಾರ್ಟಿಗಿಂತ ಈ ಮೂರು ಸಾಲು ಮುಖ್ಯ. ಹಿರಿಯರ ತಪ್ಪನ್ನು ಹಿಡಿದು ತಿದ್ದಿದವನನ್ನೂ ಪರಂಪರೆ ಆಚಾರ್ಯ ಎಂದೇ ಕರೆಯಿತು. ತಿದ್ದುವುದನ್ನು ಬಿಟ್ಟು ಹೊಗಳುವುದನ್ನು ಮಾತ್ರ ಇಟ್ಟುಕೊಂಡರೆ ನಾವು ಯಾವ ಪರಂಪರೆಯನ್ನು ಪಾಲಿಸಿದ ಹಾಗಾಯಿತು? 2020ರ ಶಿಕ್ಷಣ ನೀತಿ ಬಂದ ಮೇಲೆ ಭಾರತೀಯ ಜ್ಞಾನ ವ್ಯವಸ್ಥೆಗಳಿಗೆ ಶಿಕ್ಷಣ ಸಚಿವಾಲಯದಲ್ಲಿ ಪ್ರತ್ಯೇಕ ವಿಭಾಗವೇ ಇದೆ, ಕಾಲೇಜುಗಳಲ್ಲಿ ಅಂಕಗಳೂ ಇವೆ. ಅದರ ಗಾಳಿಯೇ ನಿಮ್ಮ ಮಗಳ ಶಾಲೆಗೂ ಬೀಸಿರುವುದು. ಬೀಸಲಿ, ಸಂತೋಷ. ಮಹಾವೀರನ ತಪ್ಪೂ ಅದರ ಜೊತೆ ಬರಲಿ. ಮಗಳಿಗೆ ಕುತೂಹಲವಿದ್ದರೆ, ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ವ್ಯವಹಾರಗಣಿತ ಬರೆದ ರಾಜಾದಿತ್ಯನ ಬಗ್ಗೆಯೂ ಹುಡುಕಲಿ. ಗೋವೆಯಲ್ಲಿ ಬೆಳೆಯುವ ಕನ್ನಡದ ಹುಡುಗಿಗೆ ಅದು ಗೊತ್ತಿರಲಿ ಎಂಬ ಆಸೆ ನನ್ನದು.

ಇನ್ನು ಪರಿಸರ. ‘ಪೂರ್ವಜರು ಪ್ರಕೃತಿಯೊಂದಿಗೆ ಸಾಮರಸ್ಯದಿಂದ ಬದುಕಿದ್ದರು’ ಎಂಬ ಸಾಲನ್ನು ಹೊಡೆದುಹಾಕಿ. ಅದರಿಂದ ಯಾವ ಗದ್ದೆಗೂ ನೀರು ಹರಿಯುವುದಿಲ್ಲ. ಅದರ ಜಾಗದಲ್ಲಿ ಒಂದು ಮರದ ಬಾಗಿಲಿನ ಚಿತ್ರ ಬರೆಯಲಿ.

ಮಾಂಡವಿ, ಜುವಾರಿ ನದಿಗಳ ಅಳಿವೆಯ ಅಕ್ಕಪಕ್ಕ ಗೋವೆಯವರು ಖಾಜನ ಎನ್ನುವ ತಗ್ಗು ಗದ್ದೆಗಳಿವೆ. ಉಬ್ಬರದ ಹೊತ್ತಿನಲ್ಲಿ ನದಿಯ ಉಪ್ಪುನೀರಿನ ಮಟ್ಟ ಗದ್ದೆಗಿಂತ ಮೇಲೆ ಇರುತ್ತದೆ. ನಡುವೆ ಇರುವುದು ಮಣ್ಣಿನ ಬಾಂದು, ಹೊರಮೈಗೆ ಜಂಬಿಟ್ಟಿಗೆ ಕಲ್ಲು, ಅದರಾಚೆ ಅಲೆಯ ಪೆಟ್ಟು ತಡೆಯುವ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು. ಬಾಂದಿನಲ್ಲಿ ಅಲ್ಲಲ್ಲಿ ಮಾನಸ ಎಂಬ ತೂಬು. ಅದಕ್ಕೆ ಗಟ್ಟಿ ಮರದ ಹಲಗೆಯ ಬಾಗಿಲು. ನದಿಯಲ್ಲಿ ನೀರು ಏರಿದಂತೆ ಅದರ ಒತ್ತಡವೇ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಮುಚ್ಚುತ್ತದೆ. ಇಳಿತದಲ್ಲಿ ಹೊರಗಿನ ನೀರು ಕೆಳಗೆ ಹೋದಾಗ, ಗದ್ದೆಯಲ್ಲಿ ನಿಂತ ಮಳೆನೀರು ಒಳಗಿನಿಂದ ತಳ್ಳಿ ಅದೇ ಬಾಗಿಲನ್ನು ತೆರೆಯುತ್ತದೆ. ದಿನಕ್ಕೆ ಎರಡು ಬಾರಿ, ಕರೆಂಟಿಲ್ಲದೆ, ಮೋಟರಿಲ್ಲದೆ. ನಿಮ್ಮ ಯಜಮಾನರಿಗೆ ಹೇಳಿ, ಅವರ ಕಾರಖಾನೆಯಲ್ಲಿ ಒಂದೇ ಕಡೆಗೆ ದ್ರವ ಬಿಡುವ ಕವಾಟ ಇರುತ್ತದಲ್ಲ, ಇದು ಅದೇ. ನಗುವುದಿದ್ದರೆ ಅದನ್ನು ನೋಡಿ ಬಂದು ನಗಲಿ.

ನನಗೆ ಇದು ಹೊಸದಾಗಿರಲಿಲ್ಲ. ನಮ್ಮ ಕುಮಟಾದಲ್ಲಿ ಅಘನಾಶಿನಿಯ ಅಳಿವೆಯಲ್ಲಿ ಇದಕ್ಕೆ ಗಜನಿ ಎನ್ನುತ್ತೇವೆ. ಗಜನಿ, ಖಾಜನ, ಹೆಸರು ಕೇಳಿದರೆ ನಂಟು ತಿಳಿಯುತ್ತದೆ. ಗೋವೆಯವರು ಕೊರ್ಗುಟ್ ಎಂಬ ಭತ್ತ ಬಿತ್ತುತ್ತಾರೆ, ನಮ್ಮಲ್ಲಿ ಕಗ್ಗ. ಎರಡೂ ಉಪ್ಪು ತಾಳುವ ತಳಿಗಳು. ಕಗ್ಗದ ದಂಟು ಎತ್ತರ, ನೆರೆ ನಿಂತರೂ ಸುಲಭಕ್ಕೆ ಕೊಳೆಯದು. ಜೂನ್ ಮಳೆ ಮಣ್ಣಿನ ಉಪ್ಪನ್ನು ತೊಳೆದು ತೂಬಿನಿಂದ ಹೊರಗೆ ಒಯ್ಯಬೇಕು, ಆಮೇಲೆ ಬಿತ್ತನೆ. ಉಪ್ಪು ಹೋಯಿತೆಂದು ತಿಳಿಯುವುದು ಹೇಗೆ? ನಮ್ಮಜ್ಜ ಗದ್ದೆಯ ಮೂಲೆಯ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ತುಪುಕ್ ಎಂದು ಉಗಿದು, ‘ಇನ್ನೆರಡು ಮಳೆ’ ಎನ್ನುತ್ತಿದ್ದ. ಕೊಯ್ಲು ಮುಗಿದ ಮೇಲೆ ಉಪ್ಪುನೀರನ್ನು ಬೇಕೆಂದೇ ಒಳಗೆ ಬಿಟ್ಟರೆ ಸಿಗಡಿ, ಮೀನು. ಅವಕ್ಕೆ ಗದ್ದೆಯಲ್ಲಿ ಕೊಳೆಯುವ ಕೂಳೆಯೇ ಮೇವು, ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ.

ಆದರೆ ಬಾಗಿಲಿನ ಬುದ್ಧಿವಂತಿಕೆಗಿಂತ ದೊಡ್ಡದು ಬಾಂದಿನ ಮೇಲೆ ದಿನವೂ ನಡೆಯುವ ಮನುಷ್ಯ. ಏಡಿ ಬಾಂದಿನಲ್ಲಿ ಬಿಲ ಕೊರೆಯುತ್ತದೆ. ಬೆರಳು ತೂರುವಷ್ಟು ಬಿಲ ಒಂದು ದೊಡ್ಡ ಉಬ್ಬರದಲ್ಲಿ ಕೈ ತೂರುವಷ್ಟಾಗುತ್ತದೆ, ಆಮೇಲೆ ಬಾಂದೇ ಇರುವುದಿಲ್ಲ. ಅದನ್ನು ಅಂದಂದೇ ಹುಡುಕಿ ಮಣ್ಣು ಮೆತ್ತಬೇಕು. ಹಿಂದೆ ಗಾಂವಕರಿ ಎಂಬ ಊರಿನ ಸಂಸ್ಥೆ, ಪೋರ್ಚುಗೀಸರು ಕೊಮುನಿದಾದ್ ಎಂದು ಕರೆದದ್ದು, ಗದ್ದೆಗಳ ಹರಾಜಿನ ಹಣದಿಂದ ಈ ಕೆಲಸ ನಡೆಸುತ್ತಿತ್ತು. ಇದನ್ನೂ ಸ್ವರ್ಗವೆಂದು ಬಣ್ಣಿಸುವುದು ಬೇಡ. ಅದರಲ್ಲಿ ಮಾತು ನಡೆಯುತ್ತಿದ್ದುದು ಊರು ಕಟ್ಟಿದ ಮನೆತನಗಳ ಗಂಡಸರದು ಮಾತ್ರ. ಮೊಣಕಾಲು ಕೆಸರಿನಲ್ಲಿ ನಿಂತು ಬಾಂದು ಕಟ್ಟಿದವರ ಹೆಸರು ದಫ್ತರದಲ್ಲಿ ಇಲ್ಲ. 1964ರ ಗೇಣಿ ಕಾಯಿದೆ, ಆಮೇಲೆ 1976ರ ತಿದ್ದುಪಡಿ, ಉಳುವವನಿಗೆ ಹಕ್ಕು ಕೊಟ್ಟವು. ಅದು ಆಗಲೇಬೇಕಿತ್ತು. ಬಾಂದು ಕಾಯುವ ಹೊಣೆ ಗೇಣಿದಾರರ ಸಂಘಗಳಿಗೆ ಬಂತು. ಬಹಳ ಕಡೆ ಸಂಘ ಕಾಗದದ ಮೇಲೆ ಉಳಿಯಿತು, ಮಕ್ಕಳು ನೌಕರಿಗೆ ಹೋದರು, ಭತ್ತಕ್ಕಿಂತ ತೂಬಿನ ಮೀನಿನ ಹರಾಜಿನಲ್ಲಿ ಹೆಚ್ಚು ಹಣ ಕಂಡಿತು. ಮೀನಿಗಾಗಿ ಮಳೆಗಾಲದಲ್ಲಿಯೂ ಬಾಗಿಲು ತೆರೆದಿಟ್ಟರೆ ಉಪ್ಪು ಗದ್ದೆಯಲ್ಲೇ ಉಳಿಯುತ್ತದೆ. ಇಂದು ಹಲವು ಖಾಜನಗಳಲ್ಲಿ ಭತ್ತವಿಲ್ಲ, ಕಾಂಡ್ಲ ಬೆಳೆದಿದೆ ಇಲ್ಲವೇ ನೀರು ನಿಂತಿದೆ. ಬಾಗಿಲಿನ ಜ್ಞಾನ ಎಲ್ಲಿಗೂ ಹೋಗಿಲ್ಲ, ಪುಸ್ತಕಗಳಲ್ಲಿ ಚಿತ್ರ ಸಮೇತ ಇದೆ. ಏಡಿಯ ಬಿಲ ಹುಡುಕುವವನಿಗೆ ಕೂಲಿ ಕೊಡುವವರು ಇಲ್ಲ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಮಾಂಡವಿಯ ಚೋಡಣ ದ್ವೀಪಕ್ಕೆ ಕರೆದೊಯ್ದಿದ್ದೆ. ಒಡೆದ ಬಾಂದಿಗೆ ಮಣ್ಣು ಹಾಕುತ್ತಿದ್ದರು. ಬುಟ್ಟಿ ಹೊತ್ತವನೊಬ್ಬ ಇನ್ನೊಬ್ಬನಿಗೆ ಕನ್ನಡದಲ್ಲಿ ಬೈದದ್ದು ಕೇಳಿ ನಿಂತೆ. ಗದಗದ ಕಡೆಯವನು. ನದಿಯನ್ನು ನೋಡಿದ್ದೇ ಇಲ್ಲಿಗೆ ಬಂದ ಮೇಲೆ ಎಂದ. ಮೊದಲ ವರ್ಷ ಒಣಮಣ್ಣು ತಂದು ಸುರಿದಿದ್ದರಂತೆ, ಒಂದು ಅಮಾವಾಸ್ಯೆಗೆ ಕರಗಿ ಹೋಯಿತಂತೆ. ಆಮೇಲೆ ಊರಿನ ಮುದುಕಿಯೊಬ್ಬಳು ಬಂದು, ಗದ್ದೆಯ ಒಳಗಿನ ಜಿಗುಟು ಕೆಸರನ್ನೇ ಹುಲ್ಲಿನ ಜೊತೆ ತುಳಿದು ಪದರ ಪದರವಾಗಿ ಇಡಲು ತೋರಿಸಿದಳು. ‘ನಮ್ಮ ಎರೆಮಣ್ಣಿನಲ್ಲಿ ಮೇಲ್ಮುದ್ದೆ ಮಾಡಿದ ಹಾಗೇ ಸರ್, ಕೈಗೆ ತಿಳಿಯುತ್ತದೆ’ ಎಂದ. ಮಾಳಿಗೆಮನೆಗೆ ಮಣ್ಣು ಮೆತ್ತಿ ಅಭ್ಯಾಸವಿದ್ದ ಕೈ ಅದು. ಬಯಲುಸೀಮೆಯ ಒಂದು ಜ್ಞಾನ ಕರಾವಳಿಯ ಇನ್ನೊಂದಕ್ಕೆ ಕೈ ಕೊಟ್ಟ ಗಳಿಗೆಯನ್ನು ಅಷ್ಟು ಹತ್ತಿರದಿಂದ ನಾನು ಮತ್ತೆ ನೋಡಿಲ್ಲ. ನನ್ನ ವಿದ್ಯಾರ್ಥಿಗಳು ಆಗ ಮೊಬೈಲಿನಲ್ಲಿ ಬೆಳ್ಳಕ್ಕಿಯ ಚಿತ್ರ ತೆಗೆಯುತ್ತಿದ್ದರು, ಬಿಡಿ.

ಮಗಳ ಪ್ರಾಜೆಕ್ಟಿಗೆ ಬಂದರೆ, ಮೂರು ವಿಷಯಕ್ಕೂ ಹತ್ತು ಹತ್ತು ಸಾಲು ಬೇಡ. ಒಂದೊಂದರಲ್ಲಿ ಒಂದೊಂದು ವಸ್ತು ಸಾಕು: ಅಮೃತಬಳ್ಳಿಯ ಒಂದು ತುಂಡು, ಆರು ರುಚಿಗಳ ಲೆಕ್ಕ, ಮಾನಸದ ಬಾಗಿಲು. ಪ್ರತಿಯೊಂದರ ಕೆಳಗೆ, ಇದು ಯಾವ ಊರಿನದು, ಎಷ್ಟು ಪ್ರಮಾಣದಲ್ಲಿ, ಯಾರಿಗೆ ಆಗುವುದಿಲ್ಲ, ಕೆಟ್ಟರೆ ಯಾರು ಸರಿಪಡಿಸುತ್ತಾರೆ ಎಂದು ಬರೆಯಲಿ. ಅಜ್ಜಿಯ ಕಷಾಯದ ಅಳತೆಯನ್ನು ಅಜ್ಜಿಯ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಅವರ ತಾಯಿ ಎಷ್ಟು ದಿನ ಕೊಡುತ್ತಿದ್ದರು ಎಂದೂ ಕೇಳಲಿ. ಆ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತ ಲೋಟ ತಾನಾಗಿಯೇ ಕೆಳಗೆ ಇಳಿಯುವ ಸಾಧ್ಯತೆ ಹೆಚ್ಚು, ಸೊಸೆ ಹೇಳಿದರೆ ಕಡಿಮೆ.

ಬಾಗಿಲನ್ನು ಮಾತ್ರ ಕಣ್ಣಾರೆ ನೋಡಿ ಬರೆಯಬೇಕು. ಒಂದು ಭಾನುವಾರ ಪಣಜಿಗೆ ಬಸ್ಸು ಹಿಡಿದು, ರಾಯಬಂದರದಿಂದ ಫೆರ್ರಿಯಲ್ಲಿ ಚೋಡಣಕ್ಕೆ ದಾಟಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಒಳ್ಳೆಯದು, ಆಗ ಉಬ್ಬರ ಇಳಿತಗಳ ಅಂತರ ಎರಡು ಮೀಟರಿನ ಸುತ್ತಮುತ್ತ ಇರುತ್ತದೆ. ಅಷ್ಟಮಿಯಲ್ಲಿ ಅದರ ಅರ್ಧವೂ ಇರುವುದು ಅನುಮಾನ. ದಿನವನ್ನು ಅತ್ತೆಯವರು ಪಂಚಾಂಗ ನೋಡಿ ಹೇಳಲಿ. ಗಂಟೆಯನ್ನು ಯಜಮಾನರು ಮೊಬೈಲಿನ ಉಬ್ಬರವಿಳಿತದ ಪಟ್ಟಿಯಲ್ಲಿ ಹುಡುಕಲಿ, ಅದು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಇಳಿತದ ಕೊನೆಗೆ ಅಲ್ಲಿರಿ. ಇಲ್ಲಿಯವರು ಸುಕತಿ ಎನ್ನುತ್ತಾರೆ, ಕೇಳಿದರೆ ದಾರಿ ತೋರಿಸುತ್ತಾರೆ. ಕೇಳದೆ ಬಾಂದಿನ ಮೇಲೆ ಹತ್ತಬೇಡಿ, ಅದು ಒಬ್ಬರ ಗದ್ದೆಯ ಗೋಡೆ. ನೀರು ತಿರುಗುವಾಗ ಬಾಗಿಲು ಮೊದಲು ಅಲುಗುತ್ತದೆ, ಸ್ವಲ್ಪ ಹೊತ್ತು ಅತ್ತಿತ್ತ ಆಡುತ್ತದೆ, ಆಮೇಲೆ ಧಡ್ ಎಂದು ಕೂರುತ್ತದೆ. ಮಳೆಗಾಲವಾದರೆ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಆ ಕೆಸರು ಬಿಟ್ಟುಕೊಡುವುದಿಲ್ಲ.